ಅರಿಝೋನಾ, ನ್ಯೂ ಮೆಕ್ಸಿಕೋದ ಮರುಭೂಮಿ ಸೀಮೆಯಲ್ಲಿ ಕಡಿಮೆ ಬೆಲೆಯ ಹಳ್ಳಿ ಜಮೀನನ್ನು ಆರಿಸಿಕೊಳ್ಳುವುದು ಹೇಗೆ?

ನಿವೃತ್ತಿಯ ನಂತರ ಅಮೆರಿಕದ ಉತ್ತರದ ಚಳಿಯನ್ನು ಬಿಟ್ಟು ಅರಿಝೋನಾದಲ್ಲೋ ನ್ಯೂ ಮೆಕ್ಸಿಕೋದಲ್ಲೋ ಊರ ಹೊರಗೆ ಸಣ್ಣ ಮನೆ ಕಟ್ಟಿಕೊಳ್ಳಬೇಕೆಂದಿದ್ದೀರಿ, ಜಾಹೀರಾತುಗಳಲ್ಲಿ ಕೆಲವೇ ಸಾವಿರ ಡಾಲರಿಗೆ ಎಕರೆಗಟ್ಟಲೆ ಜಮೀನು ಕಾಣುತ್ತಿದೆ, ಅದರಲ್ಲಿ ಯಾವುದನ್ನು ಕೊಳ್ಳಬಹುದು ಎಂದು ಕೇಳಿದ್ದೀರಿ. ನಾನು ಆಗ್ನೇಯ ಅರಿಝೋನಾದ ಹಳ್ಳಿಗಾಡಿನಲ್ಲಿ ಬಹಳ ಕಾಲದಿಂದ ಇದ್ದೇನೆ. ಇಲ್ಲಿಗೆ ಬರಲು ಬಯಸುವ ಪರಿಚಿತರ ಜೊತೆ ಜಮೀನು ನೋಡಲು, ಕಾಗದಪತ್ರ ಪರಿಶೀಲಿಸಲು ಆಗಾಗ ಹೋಗುತ್ತಿರುತ್ತೇನೆ. ಆ ಅನುಭವದ ಮೇಲೆ ಬರೆಯುತ್ತಿದ್ದೇನೆ.

ಈ ಸೀಮೆಯಲ್ಲಿ ಜಮೀನು ತೀರಾ ಅಗ್ಗವಾಗಿದೆ ಎಂದರೆ ನೀರು, ದಾರಿ, ಮನೆ ಕಟ್ಟುವ ಅನುಕೂಲ ಇವುಗಳಲ್ಲಿ ಒಂದಾದರೂ ಅಲ್ಲಿ ಇಲ್ಲ ಎಂದೇ ತಿಳಿಯಬೇಕು. ಕೊರತೆ ಇದೆ ಎಂಬ ಒಂದೇ ಕಾರಣಕ್ಕೆ ಜಮೀನನ್ನು ಬಿಡಬೇಕಾಗಿಲ್ಲ. ಆದರೆ ಅದು ಯಾವ ಕೊರತೆ, ಅದನ್ನು ತುಂಬಿಕೊಳ್ಳಲು ಎಷ್ಟು ಖರ್ಚಾಗುತ್ತದೆ ಎಂಬುದು ಗೊತ್ತಾಗುವವರೆಗೆ ಮುಂಗಡ ಕೊಡಬೇಡಿ. ಐದು ಸಾವಿರ ಡಾಲರಿನ ಜಮೀನಿಗೆ ಕೊಳವೆಬಾವಿ, ವಿದ್ಯುತ್ ತಂತಿ, ಸೆಪ್ಟಿಕ್ ಟ್ಯಾಂಕ್ ಎಂದು ಹತ್ತಾರು ಸಾವಿರ ಸುರಿಯಬೇಕಾಗಿ ಬಂದರೆ, ಇವೆಲ್ಲ ಆಗಲೇ ಇರುವ ಪಕ್ಕದ ಜಮೀನೇ ಕೊನೆಯ ಲೆಕ್ಕದಲ್ಲಿ ಅಗ್ಗವಾಗುತ್ತದೆ.

ಮೊದಲು ನೀರನ್ನು ನೋಡಿ, ಉಳಿದದ್ದೆಲ್ಲ ಆಮೇಲೆ. ಅರಿಝೋನಾದಲ್ಲಿ 1980ರ ಅಂತರ್ಜಲ ನಿರ್ವಹಣಾ ಕಾಯ್ದೆ ರಾಜ್ಯದ ಕೆಲವು ಪ್ರದೇಶಗಳನ್ನು ಮಾತ್ರ ಕಟ್ಟುನಿಟ್ಟಿನ ನಿಯಂತ್ರಣಕ್ಕೆ ಒಳಪಡಿಸಿತು. ಫೀನಿಕ್ಸ್, ಟೂಸಾನ್, ಪ್ರೆಸ್ಕಾಟ್ ಸುತ್ತಲಿನ ಪ್ರದೇಶಗಳು ಅವುಗಳಲ್ಲಿ ಸೇರಿವೆ. ಅಂಥ ಪ್ರದೇಶಗಳ ಹೊರಗೆ, ಅಂದರೆ ಅಗ್ಗದ ಜಮೀನು ಹೆಚ್ಚಾಗಿ ಸಿಗುವ ಕಡೆಗಳಲ್ಲೇ, ದೊಡ್ಡ ತೋಟದವರು ತಮ್ಮ ಜಮೀನಿನಡಿಯ ನೀರನ್ನು ಹೆಚ್ಚು ಕಡಿಮೆ ಮಿತಿಯಿಲ್ಲದೆ ಎತ್ತಬಹುದು. ಆಗ್ನೇಯ ಅರಿಝೋನಾದ ಕೋಚೀಸ್ ಕೌಂಟಿಯ (ಕೌಂಟಿ ಎಂದರೆ ಇಲ್ಲಿನ ಜಿಲ್ಲೆ) ವಿಲ್‌ಕಾಕ್ಸ್ ಮತ್ತು ಡಗ್ಲಸ್ ಬಯಲುಗಳಲ್ಲಿ ಇದರಿಂದಾಗಿ ಮನೆಬಳಕೆಯ ಬಾವಿಗಳು ಬತ್ತಿ, ಜನರು ಮತ್ತೆ ಆಳಕ್ಕೆ ಕೊರೆಸಬೇಕಾಯಿತು. 2022ರಲ್ಲಿ ಡಗ್ಲಸ್ ಭಾಗದ ಮತದಾರರೇ ಮತ ಹಾಕಿ ನಿಯಂತ್ರಣವನ್ನು ತಂದುಕೊಂಡರು. ಅದೇ ಚುನಾವಣೆಯಲ್ಲಿ ವಿಲ್‌ಕಾಕ್ಸ್‌ನವರು ಅದನ್ನು ತಿರಸ್ಕರಿಸಿದರು. 2024ರ ಕೊನೆಗೆ ರಾಜ್ಯದ ಜಲಸಂಪನ್ಮೂಲ ಇಲಾಖೆಯೇ ಮುಂದಾಗಿ ಅಲ್ಲಿಯೂ ನಿಯಂತ್ರಣವನ್ನು ಘೋಷಿಸಿತು. ನಿಯಂತ್ರಿತ ಪ್ರದೇಶ ಎಂದೊಡನೆ ಕೊಳ್ಳುವವರು ಹಿಂಜರಿಯುವುದನ್ನು ಕಂಡಿದ್ದೇನೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ನಿಮಿಷಕ್ಕೆ 35 ಗ್ಯಾಲನ್ನಿಗಿಂತ (ಒಂದು ಗ್ಯಾಲನ್ ಎಂದರೆ ಸುಮಾರು 3.8 ಲೀಟರ್) ಹೆಚ್ಚು ಎತ್ತದ ಸಣ್ಣ ಬಾವಿಗೆ ಅಲ್ಲಿಯೂ ವಿನಾಯಿತಿ ಇದೆ, ಮತ್ತು ಹೊಸದಾಗಿ ನೀರಾವರಿ ಹೊಲಗಳು ಹುಟ್ಟಿಕೊಳ್ಳುವುದಕ್ಕೆ ಅಲ್ಲಿ ತಡೆ ಇದೆ. ಮನೆಗಷ್ಟೇ ನೀರು ಬೇಕಾದವರಿಗೆ ಇದು ಅನುಕೂಲವೇ. ನ್ಯೂ ಮೆಕ್ಸಿಕೋದಲ್ಲಿ ಪದ್ಧತಿ ಬೇರೆ: ಅಲ್ಲಿ ಮನೆಬಳಕೆಯ ಬಾವಿಗೂ ರಾಜ್ಯದ ನೀರಿನ ಹಕ್ಕುಗಳನ್ನು ನೋಡಿಕೊಳ್ಳುವ ಸ್ಟೇಟ್ ಎಂಜಿನಿಯರ್ ಕಚೇರಿಯ ಪರವಾನಗಿ ಬೇಕು, ಒಂದು ಮನೆಗೆ ಸಾಮಾನ್ಯವಾಗಿ ವರ್ಷಕ್ಕೆ ಒಂದು ಎಕರೆ-ಅಡಿ, ಅಂದರೆ ಸುಮಾರು 12 ಲಕ್ಷ ಲೀಟರ್‌ವರೆಗೆ ಎತ್ತಲು ಬಿಡುತ್ತಾರೆ. ಸಂಸಾರಕ್ಕೆ ಅದು ಧಾರಾಳವಾಗಿ ಸಾಕು. ಪರವಾನಗಿ ಸಿಕ್ಕಿತೆಂದ ಮಾತ್ರಕ್ಕೆ ನೀರು ಸಿಕ್ಕಂತಲ್ಲ ಎಂಬುದು ಮಾತ್ರ ನೆನಪಿರಲಿ.

ನೀರು ಸಿಗುತ್ತದೆಯೇ ಎಂಬುದನ್ನು ಮಾರುವವರ ಮಾತಿನಿಂದ ತಿಳಿಯಲಾಗದು. ಸುತ್ತಲಿನ ಬಾವಿಗಳ ದಾಖಲೆಯಿಂದ ತಿಳಿಯಬೇಕು. ಎರಡೂ ರಾಜ್ಯಗಳಲ್ಲಿ ಬಾವಿ ಕೊರೆದವರು ಸರ್ಕಾರಕ್ಕೆ ವರದಿ ಸಲ್ಲಿಸಬೇಕು, ಆ ವರದಿಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ನೋಡಬಹುದು. ಒಂದು ವರದಿಯನ್ನು ತೆರೆದರೆ ಎಷ್ಟು ಅಡಿಯವರೆಗೆ ಮಣ್ಣು, ಎಲ್ಲಿಂದ ಜಲ್ಲಿ, ಎಲ್ಲಿಂದ ಜೇಡಿ, ಎಲ್ಲಿ ಬಂಡೆ ಸಿಕ್ಕಿತು, ನೀರು ಯಾವ ಆಳದಲ್ಲಿ ನಿಂತಿತು, ಪರೀಕ್ಷೆಗೆ ಎತ್ತಿದಾಗ ನಿಮಿಷಕ್ಕೆ ಎಷ್ಟು ಗ್ಯಾಲನ್ ಬಂತು ಎಂಬುದೆಲ್ಲ ಸಾಲು ಸಾಲಾಗಿ ಇರುತ್ತದೆ. ನೀವು ನೋಡುತ್ತಿರುವ ಜಮೀನಿನ ಸುತ್ತ ಒಂದೆರಡು ಮೈಲಿಯೊಳಗಿನ ಎಲ್ಲ ಬಾವಿಗಳ ವರದಿಗಳನ್ನೂ ತೆಗೆದು, ಕೊರೆದ ವರ್ಷದ ಕ್ರಮದಲ್ಲಿ ಜೋಡಿಸಿಕೊಳ್ಳಿ. 1985ರ ಬಾವಿಯಲ್ಲಿ 150 ಅಡಿಗೆ ನಿಂತಿದ್ದ ನೀರು, ಅದೇ ಬಯಲಿನಲ್ಲಿ ಇತ್ತೀಚೆಗೆ ಕೊರೆದ ಬಾವಿಯಲ್ಲಿ 400 ಅಡಿಗೆ ಇಳಿದಿದ್ದರೆ, ಮುಂದಿನ 20 ವರ್ಷಗಳ ಕಥೆಯನ್ನು ಯಾರೂ ಹೇಳಬೇಕಾಗಿಲ್ಲ. ಹಳೆಯ ಬಾವಿಗಳನ್ನು ಮತ್ತೆ ಮತ್ತೆ ಆಳ ಮಾಡಿಸಿದ ದಾಖಲೆಗಳಿದ್ದರೂ ಅದೇ ಅರ್ಥ. ಸುತ್ತಮುತ್ತ ಬಾವಿಗಳೇ ಇಲ್ಲದಿದ್ದರೆ, ಅಲ್ಲಿ ಹಿಂದೆ ಬಂದವರು ಏನು ಮಾಡಿದರು ಎಂದು ಕೇಳಿ ತಿಳಿದುಕೊಳ್ಳಲೇಬೇಕು. ಆಳಕ್ಕೆ ತಕ್ಕಂತೆ ಕೊರೆಯುವ ಕೂಲಿ ಏರುತ್ತದೆ, ಅಡಿಗೆ ಇಷ್ಟು ಎಂಬ ಲೆಕ್ಕ. ಹೀಗಾಗಿ ಸ್ಥಳೀಯ ಕೊಳವೆಬಾವಿಯವರಿಗೆ ಜಮೀನಿನ ಸಂಖ್ಯೆ ಕೊಟ್ಟು ಅಂದಾಜು ಕೇಳಿದರೆ ಒಂದೇ ಮಾತಿನಲ್ಲಿ ಬಹಳಷ್ಟು ಗೊತ್ತಾಗುತ್ತದೆ.

ಬಾವಿಯಿಲ್ಲದೆ ಟ್ಯಾಂಕರ್ ನೀರಿನಿಂದಲೇ ಬಾಳುವವರೂ ಇಲ್ಲಿ ಸಾಕಷ್ಟು ಜನರಿದ್ದಾರೆ. ಸಾವಿರ ಗ್ಯಾಲನ್ ನೀರಿನ ತೂಕ ಸುಮಾರು 3.8 ಟನ್, ಸಾಮಾನ್ಯ ಪಿಕಪ್ ವಾಹನ 275 ಗ್ಯಾಲನ್ನಿನ ಒಂದು ತೊಟ್ಟಿಯನ್ನು ಹೊರುವುದೇ ಕಷ್ಟ. ಎಪ್ಪತ್ತರ ವಯಸ್ಸಿನಲ್ಲಿ ವಾರವಾರವೂ ಈ ಕೆಲಸವನ್ನು ಮಾಡಬಲ್ಲೆವೇ ಎಂದು ಮನೆಯವರೆಲ್ಲ ಕುಳಿತು ಯೋಚಿಸಬೇಕು. ನೀರು ಕೊಡುವವರು ಮುಂದೆಯೂ ಕೊಡುತ್ತಾರೆ ಎಂಬ ಖಾತರಿಯೂ ಇಲ್ಲ. ಫೀನಿಕ್ಸ್ ನಗರದ ಈಶಾನ್ಯಕ್ಕಿರುವ ರಿಯೊ ವರ್ಡೆ ಫುಟ್‌ಹಿಲ್ಸ್ ಎಂಬ ಬಡಾವಣೆಯ ನೂರಾರು ಮನೆಗಳಿಗೆ ಸ್ಕಾಟ್ಸ್‌ಡೇಲ್ ನಗರದಿಂದ ಟ್ಯಾಂಕರ್ ನೀರು ಹೋಗುತ್ತಿತ್ತು. ಕೊಲೊರಾಡೊ ನದಿಯ ಬರದ ಕಾರಣದಿಂದ ನಗರವು 2023ರ ಜನವರಿ 1ರಂದು ಅದನ್ನು ನಿಲ್ಲಿಸಿತು. ಆ ಮನೆಗಳಲ್ಲಿ ಅನೇಕವು ಸಾಕಷ್ಟು ದುಬಾರಿಯಾದವೇ ಆಗಿದ್ದವು. ಆರು ಅಥವಾ ಹೆಚ್ಚು ನಿವೇಶನಗಳಾಗಿ ಒಡೆದರೆ ಮಾತ್ರ, ನಿಯಂತ್ರಿತ ಪ್ರದೇಶದಲ್ಲಿ, ನೂರು ವರ್ಷದ ನೀರಿನ ಭರವಸೆಯನ್ನು ತೋರಿಸಬೇಕೆಂಬ ನಿಯಮ ಅನ್ವಯಿಸುತ್ತದೆ. ಈ ಬಡಾವಣೆಯಲ್ಲಿ ಐದೈದಾಗಿ ಒಡೆದು ಮಾರಿದವರಿಗೆ ಅದು ಅನ್ವಯವಾಗಲಿಲ್ಲ.

ಮಳೆಕೊಯ್ಲನ್ನು ನಾನು ಮನಸಾರೆ ಬೆಂಬಲಿಸುತ್ತೇನೆ, ಆದರೆ ಲೆಕ್ಕ ಹಾಕಿಯೇ ನಂಬಬೇಕು. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ವರ್ಷಕ್ಕೆ 250 ಮಿಲಿಮೀಟರ್ ಮಳೆಯ ಜಾಗದಲ್ಲಿ 200 ಚದರ ಮೀಟರ್ ಚಾವಣಿಗೆ ಹೆಚ್ಚೆಂದರೆ 50,000 ಲೀಟರ್. ಇಬ್ಬರು ದಿನಕ್ಕೆ ತಲಾ ನೂರು ಲೀಟರ್ ಬಳಸಿದರೆ 73,000 ಲೀಟರ್ ಬೇಕು. ಮನೆಯ ಜೊತೆಗೆ ಕೊಟ್ಟಿಗೆ, ಗ್ಯಾರೇಜುಗಳ ಚಾವಣಿಯನ್ನೂ ಸೇರಿಸಿಕೊಂಡು, ದೊಡ್ಡ ತೊಟ್ಟಿ ಕಟ್ಟಿಸಿದರೆ ಇದು ಸರಿಹೋಗಬಹುದು. ಮಳೆ ಕೈಕೊಟ್ಟ ವರ್ಷಕ್ಕೆ ಬೇರೆ ದಾರಿ ಇರಲೇಬೇಕು.

ಬಾವಿಯಿರುವ ಜಮೀನಾದರೆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ. ಇಲ್ಲಿನ ಅಂತರ್ಜಲದಲ್ಲಿ ಆರ್ಸೆನಿಕ್, ಫ್ಲೋರೈಡ್, ಕೆಲವೆಡೆ ಯುರೇನಿಯಂ ಸಹಜವಾಗಿಯೇ ಇರುತ್ತವೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೊಗ್ರಾಂ ಮೀರಬಾರದು ಎಂಬ ಒಕ್ಕೂಟ ಸರ್ಕಾರದ ಮಿತಿ ಸಾರ್ವಜನಿಕ ಸರಬರಾಜಿಗೆ ಅನ್ವಯಿಸುತ್ತದೆಯೇ ಹೊರತು ಖಾಸಗಿ ಬಾವಿಗಲ್ಲ. ಅಲ್ಲಿ ನೋಡಿಕೊಳ್ಳಬೇಕಾದವರು ನೀವೇ.

ಇನ್ನು ದಾರಿ. ನಕ್ಷೆಯಲ್ಲಿ ಗೆರೆ ಕಾಣುವುದು ಬೇರೆ, ನಿಮ್ಮ ಗಾಡಿ ಹೋಗುವುದು ಬೇರೆ, ಹೋಗುವ ಹಕ್ಕು ಇರುವುದು ಇನ್ನೂ ಬೇರೆ. ಅರಿಝೋನಾದಲ್ಲಿ ಖಾಸಗಿಯವರ ಒಡೆತನದಲ್ಲಿರುವುದು ಐದನೆಯ ಒಂದು ಭಾಗಕ್ಕಿಂತ ಕಡಿಮೆ ನೆಲ. ಉತ್ತರ ಭಾಗದಲ್ಲಿ 1866ರಲ್ಲಿ ರೈಲ್ವೆ ಕಂಪನಿಗೆ ಒಂದು ಬಿಟ್ಟು ಒಂದು ಚದರ ಮೈಲಿಯಂತೆ ಜಮೀನು ಕೊಟ್ಟದ್ದರಿಂದ ಒಡೆತನ ಇಂದಿಗೂ ಚದುರಂಗದ ಹಲಗೆಯಂತಿದೆ. ನಿಮ್ಮ ಜಮೀನಿನ ನಾಲ್ಕೂ ಕಡೆ ರಾಜ್ಯದ ಟ್ರಸ್ಟ್ ಭೂಮಿ ಇರಬಹುದು. ಅದು ಶಾಲೆಗಳೇ ಮೊದಲಾದ ಸಂಸ್ಥೆಗಳ ಆದಾಯಕ್ಕಾಗಿ ಇಟ್ಟದ್ದು, ಸಾರ್ವಜನಿಕ ರಸ್ತೆಯಲ್ಲ, ದಾಟಿಹೋಗಲು ಪ್ರತ್ಯೇಕ ದಾರಿಹಕ್ಕು ಪಡೆಯಬೇಕು. ಲಿಖಿತವಾಗಿ ನೋಂದಣಿಯಾದ ದಾರಿಹಕ್ಕು ಇಲ್ಲದ ಜಮೀನನ್ನು ಎಷ್ಟು ಕಡಿಮೆಗೆ ಬಂದರೂ ಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ದಾರಿ ಇದ್ದಲ್ಲಿಯೂ ಅದನ್ನು ರಿಪೇರಿ ಮಾಡುವವರು ಯಾರು ಎಂದು ಕೇಳಿ. ಅನೇಕ ಮಣ್ಣುರಸ್ತೆಗಳನ್ನು ಕೌಂಟಿಯವರು ಮುಟ್ಟುವುದೇ ಇಲ್ಲ.

ಅರಿಝೋನಾದ ಒಂದು ಕಾನೂನನ್ನು ಹೊರಗಿನಿಂದ ಬರುವವರು ಸರಿಯಾಗಿ ಬಳಸಿಕೊಳ್ಳುವುದಿಲ್ಲ. ನಗರಸಭೆಗಳ ವ್ಯಾಪ್ತಿಯ ಹೊರಗೆ ಐದು ಅಥವಾ ಕಡಿಮೆ ತುಂಡುಗಳಾಗಿ ಜಮೀನು ಮಾರುವವರು, ಹಸ್ತಾಂತರಕ್ಕೆ ಕನಿಷ್ಠ ಏಳು ದಿನ ಮುಂಚೆ, ಸಹಿ ಮಾಡಿದ ಪ್ರಮಾಣಪತ್ರವೊಂದನ್ನು ಕೊಳ್ಳುವವರಿಗೆ ಕೊಡಬೇಕು. ಕಾನೂನುಬದ್ಧ ದಾರಿ ಇದೆಯೇ, ರಸ್ತೆ ಯಾರ ಹೊಣೆ, ಪ್ರವಾಹದ ಪ್ರದೇಶವೇ, ನೀರು ಎಲ್ಲಿಂದ, ವಿದ್ಯುತ್ ಇದೆಯೇ ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರ ಬರೆಯಬೇಕು. ಅದು ಕೈಗೆ ಬಂದ ಮೇಲೆ ಐದು ದಿನದೊಳಗೆ ವ್ಯಾಪಾರವನ್ನು ರದ್ದುಪಡಿಸುವ ಹಕ್ಕು ನಿಮಗಿದೆ. ಆ ಪತ್ರವನ್ನು ಬೇಗನೇ ಕೇಳಿ ಪಡೆದು, ಒಂದೊಂದು ಸಾಲನ್ನೂ ಕೌಂಟಿ ಕಚೇರಿಯ ದಾಖಲೆಯೊಂದಿಗೆ ತಾಳೆ ನೋಡಿ.

ಕಾಗದಪತ್ರಗಳ ಬಗ್ಗೆ ಇನ್ನೆರಡು ಮಾತು. ಕ್ವಿಟ್‌ಕ್ಲೇಮ್ ಕ್ರಯಪತ್ರ ಎಂದರೆ ಮಾರುವವರು ತಮಗೆ ಹಕ್ಕೇನಾದರೂ ಇದ್ದರೆ ಬಿಟ್ಟುಕೊಡುತ್ತಾರೆ ಅಷ್ಟೇ, ಹಕ್ಕು ಇದೆ ಎಂದು ಖಾತರಿ ಕೊಡುವುದಿಲ್ಲ. ಹಕ್ಕಿಗೆ ಖಾತರಿ ಕೊಡುವ ವಾರಂಟಿ ಕ್ರಯಪತ್ರ ಮತ್ತು ಒಡೆತನದಲ್ಲಿ ದೋಷ ಕಂಡುಬಂದರೆ ನಷ್ಟ ಭರಿಸುವ ಟೈಟಲ್ ವಿಮೆ ಎರಡನ್ನೂ ಕೇಳಿ. ತಿಂಗಳ ಕಂತಿನಲ್ಲಿ ಮಾರುವ ಕೆಲವು ಕರಾರುಗಳಲ್ಲಿ ಕೊನೆಯ ಕಂತು ಮುಗಿಯುವವರೆಗೂ ಒಡೆತನ ಮಾರಿದವರ ಹೆಸರಿನಲ್ಲೇ ಉಳಿಯುತ್ತದೆ, ನಡುವೆ ತಪ್ಪಿದರೆ ಕಟ್ಟಿದ ಹಣವೂ ಜಮೀನೂ ಎರಡೂ ಹೋಗಬಹುದು. 1916ರ ಕಾಯ್ದೆಯಡಿ ಪಶುಪಾಲಕರಿಗೆ ಕೊಟ್ಟ ಜಮೀನುಗಳಲ್ಲಿ ಖನಿಜದ ಹಕ್ಕು ಇಂದಿಗೂ ಒಕ್ಕೂಟ ಸರ್ಕಾರದ್ದೇ. ಸುತ್ತಲೂ ಗಣಿಯಿರುವ ಕಡೆ ಅದನ್ನು ವಿಚಾರಿಸಿಕೊಳ್ಳಬೇಕು. ನ್ಯೂ ಮೆಕ್ಸಿಕೋದ ಡೆಮಿಂಗ್ ಸುತ್ತಮುತ್ತ 1960ರ ದಶಕದಲ್ಲಿ ಅಂಚೆಯ ಮೂಲಕ ದೂರದವರಿಗೆ ಮಾರಿದ ಅರ್ಧ ಎಕರೆ ನಿವೇಶನಗಳು ಇಂದಿಗೂ ಕೈ ಬದಲಾಯಿಸುತ್ತಿವೆ. ಬಾವಿಗೂ ಸೆಪ್ಟಿಕ್ ಟ್ಯಾಂಕಿಗೂ ನಡುವೆ ಬಿಡಬೇಕಾದ ಅಂತರಕ್ಕೆ ಅಷ್ಟು ಜಾಗ ಸಾಲದಿರಬಹುದು. ಒಂದಕ್ಕೊಂದು ತಾಗಿದ ಎರಡು ಮೂರು ನಿವೇಶನಗಳನ್ನು ಒಟ್ಟಿಗೆ ಕೊಳ್ಳುವುದಾದರೆ ಮಾತ್ರ ಅವುಗಳನ್ನು ಪರಿಗಣಿಸಿ.

ಜಮೀನನ್ನು ಕಣ್ಣಾರೆ ನೋಡದೆ ಕೊಳ್ಳಬೇಡಿ. ಹೋದಾಗ ಮೊದಲು ನೀರು ಹರಿದ ಗುರುತನ್ನು ಹುಡುಕಿ. ಇಲ್ಲಿ ವಾಷ್ ಎಂದು ಕರೆಯುವ ಒಣಹಳ್ಳಗಳು ವರ್ಷದ ಬಹುಪಾಲು ಬರೀ ಮರಳು. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗಿನ ಮಳೆಗಾಲದಲ್ಲಿ, ಬೆಟ್ಟದಲ್ಲೆಲ್ಲೋ ಸುರಿದ ಮಳೆಗೆ ಗಳಿಗೆಯೊಳಗೆ ತುಂಬಿ ಹರಿಯುತ್ತವೆ. ಮೆಸ್ಕೀಟ್ ಪೊದೆಗಳ ಬುಡದಲ್ಲಿ, ತಂತಿಬೇಲಿಯಲ್ಲಿ, ಮೊಣಕಾಲೆತ್ತರಕ್ಕೆ ಕಸಕಡ್ಡಿ ಸಿಕ್ಕಿಕೊಂಡು ಒಣಗಿದ್ದರೆ, ಎಲ್ಲ ಕಡ್ಡಿಗಳೂ ಒಂದೇ ದಿಕ್ಕಿಗೆ ಬಾಗಿದ್ದರೆ, ನೀರು ಅಷ್ಟು ಎತ್ತರಕ್ಕೆ ಬಂದಿತ್ತೆಂದು ಅರ್ಥ. ನೆಲದಲ್ಲಿ ತೆಳುವಾದ ಮಣ್ಣಿನ ಪದರ ಬಿರಿದು ಸುರುಳಿ ಸುತ್ತಿಕೊಂಡಿದ್ದರೆ ಅಲ್ಲಿ ನೀರು ನಿಂತು ಇಂಗಿದೆ. ಪ್ರವಾಹದ ಅಧಿಕೃತ ನಕ್ಷೆಯಲ್ಲಿ ‘ಡಿ’ ವಲಯ ಎಂದು ಇದ್ದರೆ ಅಪಾಯವಿಲ್ಲ ಎಂದು ಅರ್ಥವಲ್ಲ, ಅಳೆದಿಲ್ಲ ಎಂದು ಅರ್ಥ. ಮನೆ ಕಟ್ಟುವ ಜಾಗ ಒಂದನ್ನೇ ಅಲ್ಲ, ಡಾಂಬರು ರಸ್ತೆಯಿಂದ ಅಲ್ಲಿಗೆ ಬರುವ ದಾರಿ ಎಷ್ಟು ಹಳ್ಳ ದಾಟುತ್ತದೆ ಎಂದೂ ಎಣಿಸಿಕೊಳ್ಳಿ.

ಒಂದು ಹಾರೆಯನ್ನು ಜೊತೆಗೆ ಒಯ್ಯಿರಿ. ಒಂದೆರಡು ಅಡಿ ಅಗೆಯುವಷ್ಟರಲ್ಲಿ ಬಿಳಿಯ, ಸಿಮೆಂಟಿನಷ್ಟು ಗಡುಸಾದ ಪದರ ಎದುರಾದರೆ ಅದು ಕಲೀಚಿ, ಸುಣ್ಣದಂಶದಿಂದ ಬೆಸೆದುಕೊಂಡ ಮಣ್ಣು. ಅದರೊಳಗೆ ನೀರು ಇಂಗುವುದು ಬಹಳ ನಿಧಾನವಾದ್ದರಿಂದ ಮಾಮೂಲಿ ಸೆಪ್ಟಿಕ್ ವ್ಯವಸ್ಥೆಗೆ ಅನುಮತಿ ಸಿಗದೆ ದುಬಾರಿಯ ಬದಲಿ ವ್ಯವಸ್ಥೆ ಬೇಕಾಗಬಹುದು. ಕೃಷಿ ಇಲಾಖೆಯ ಮಣ್ಣಿನ ಸಮೀಕ್ಷೆಯ ನಕ್ಷೆಯೂ ಪುಕ್ಕಟೆಯಾಗಿ ಸಿಗುತ್ತದೆ, ಹೋಗುವ ಮೊದಲೇ ನೋಡಿಕೊಳ್ಳಿ. ಅಂತರ್ಜಲ ಅತಿಯಾಗಿ ಕುಸಿದ ಬಯಲುಗಳಲ್ಲಿ ನೆಲವೇ ಕುಸಿದು ಉದ್ದಕ್ಕೆ ಬಿರುಕು ಬಿಡುತ್ತದೆ. ಅರಿಝೋನಾದ ಭೂವಿಜ್ಞಾನ ಸಮೀಕ್ಷೆಯು ಈ ಬಿರುಕುಗಳ ನಕ್ಷೆಯನ್ನು ಪ್ರಕಟಿಸಿದೆ. ಅಂಥ ಬಿರುಕಿನ ಹತ್ತಿರ ಮನೆ ಕಟ್ಟಬಾರದು.

ಮರುಭೂಮಿ ಎಂದರೆ ಎಲ್ಲೆಡೆ ಒಂದೇ ಬಿಸಿಲಲ್ಲ. 2023ರ ಬೇಸಿಗೆಯಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ನಾಲ್ಕು ಸಾವಿರ ಅಡಿಗಿಂತ ಎತ್ತರದಲ್ಲಿರುವ ವಿಲ್‌ಕಾಕ್ಸ್‌ನಲ್ಲಿ ಬೇಸಿಗೆ ಅಷ್ಟು ಕ್ರೂರವಲ್ಲ, ಆದರೆ ಚಳಿಗಾಲದ ರಾತ್ರಿ ಕೊಳಾಯಿ ಹೆಪ್ಪುಗಟ್ಟುತ್ತದೆ. ವಯಸ್ಸಾದವರಿಗೆ ನಾನು ನಾಲ್ಕರಿಂದ ಐದು ಸಾವಿರ ಅಡಿಯ ಎತ್ತರವನ್ನೇ ಹೇಳುತ್ತೇನೆ. ಆಸ್ಪತ್ರೆ ಎಷ್ಟು ದೂರ, ಆ ಜಮೀನು ಯಾವುದಾದರೂ ಅಗ್ನಿಶಾಮಕ ವಲಯಕ್ಕೆ ಸೇರಿದೆಯೇ ಎಂದು ಕೇಳಿ. ಮನೆಯಲ್ಲಿ ಶ್ವಾಸಕೋಶದ ತೊಂದರೆ ಇರುವವರಿದ್ದರೆ, ಇಲ್ಲಿನ ಮಣ್ಣಿನ ಶಿಲೀಂಧ್ರದಿಂದ ಧೂಳಿನ ಮೂಲಕ ಹರಡುವ ವ್ಯಾಲಿ ಫೀವರ್ ಬಗ್ಗೆ ವೈದ್ಯರೊಂದಿಗೆ ಮೊದಲೇ ಮಾತಾಡಿ.

ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ 40 ಎಕರೆ ಒಣಭೂಮಿಗೆ ಬದಲು, ಸಹಕಾರಿ ಸಂಘದ ನೀರಿನ ಕೊಳವೆಯೋ ಚೆನ್ನಾಗಿ ನೀರು ಕೊಡುವ ಹಳೆಯ ಬಾವಿಯೋ ಇರುವ ಎರಡು ಮೂರು ಎಕರೆಯನ್ನು, ಹಳೆಯ ಮನೆ ಇದ್ದರೂ ಸರಿ, ಆರಿಸುತ್ತಿದ್ದೆ. ಇಷ್ಟವಾದ ಜಮೀನು ಸಿಕ್ಕಿದರೆ ಮುಂಗಡದ ಕರಾರಿನಲ್ಲಿ ಬಾವಿಯ ಇಳುವರಿ ಪರೀಕ್ಷೆ, ನೀರಿನ ಗುಣಮಟ್ಟ, ಸೆಪ್ಟಿಕ್‌ಗೆ ಮಣ್ಣಿನ ಪರೀಕ್ಷೆ, ದಾರಿಹಕ್ಕಿನ ದಾಖಲೆ ಈ ನಾಲ್ಕೂ ತೃಪ್ತಿಕರವಾಗಿದ್ದರೆ ಮಾತ್ರ ಖರೀದಿ, ಇಲ್ಲವಾದರೆ ಮುಂಗಡ ವಾಪಸು ಎಂದು ಬರೆಸಿಕೊಳ್ಳಿ. ಅದಕ್ಕೆ ಒಪ್ಪದ ಮಾರಾಟಗಾರರನ್ನು ಬಿಟ್ಟು ಮುಂದಿನ ಜಮೀನನ್ನು ನೋಡಿ. ನೀವು ನೋಡುತ್ತಿರುವ ಕೌಂಟಿ ಯಾವುದೆಂದು ತಿಳಿಸಿದರೆ, ಅಲ್ಲಿನ ಬಾವಿ ವರದಿಗಳನ್ನು ಓದುವುದಕ್ಕೆ ನಾನು ಸಂತೋಷದಿಂದ ನೆರವಾಗುತ್ತೇನೆ.