ಹತ್ತಿ ಹೊಲದ ಮೋಹಕ ಬಲೆಗೆ ಗಂಡು ಪತಂಗವೇ ಯಾಕೆ ಬೀಳುತ್ತದೆ? ಮೂಗಿಲ್ಲದ ಹುಳಕ್ಕೆ ವಾಸನೆ ಹೇಗೆ ತಿಳಿಯುತ್ತದೆ?

ಇದನ್ನೇ ನಮ್ಮಪ್ಪ ಬೈಗುಳದ ರೂಪದಲ್ಲಿ ಕೇಳಿದ್ದರು. ಲಕ್ಷ್ಮೇಶ್ವರದ ಹತ್ತಿರ ನಮ್ಮದೊಂದಿಷ್ಟು ಎರಿಹೊಲ ಇದೆ. ಹತ್ತಿ ಕಾಯಿ ಕೊರೆಯುವ ಗುಲಾಬಿ ಕಾಯಿಕೊರಕ ಹುಳಕ್ಕೆ ಬಲೆ ಕಟ್ಟೋಣ ಅಂತ ಲ್ಯೂರ್, ಅಂದರೆ ಬಲೆಯೊಳಗೆ ಇಡುವ ವಾಸನೆಯ ತುಂಡು, ಕೊಂಡು ತಂದೆ. ಅಪ್ಪ ಅದನ್ನು ಮೂಗಿಗೆ ಹಿಡಿದು, "ವಾಸನೀನ ಇಲ್ಲಲ್ಲೋ ಇದಕ್ಕ! ಬರೇ ರಬ್ಬರ್ ತುಂಡು ಕೊಟ್ಟು ರೊಕ್ಕ ಇಸ್ಕೊಂಡಾರ" ಅಂದರು. ಮರುದಿನ ಬಲೆ ನೋಡಿ ಸುಮ್ಮನಾದರು. ಧಾರವಾಡದಲ್ಲಿ ನಾನು ಪ್ರಾಣಿಶಾಸ್ತ್ರ ಓದಿದ್ದಕ್ಕೆ ಮನೆಯಲ್ಲಿ ಬೆಲೆ ಬಂದದ್ದು ಅವತ್ತೇ.

ಲ್ಯೂರ್‌ನಲ್ಲಿರುವುದು ಹೆಣ್ಣು ಪತಂಗ ಗಂಡನ್ನು ಕರೆಯುವ ವಾಸನೆಯ ನಕಲು. ಎರಡು ರಾಸಾಯನಿಕ, ಹೆಚ್ಚುಕಡಿಮೆ ಸಮಸಮ. ಅದನ್ನು ಹಿಡಿಯುವ ಪ್ರೋಟೀನ್ ಇರುವುದು ಮುಖ್ಯವಾಗಿ ಗಂಡಿನ ತಲೆಯ ಮೇಲಿನ ಕುಡಿಮೀಸೆಯಲ್ಲಿ. ಹಾಗಾಗಿ ಗಂಡೇ ಬರುತ್ತದೆ.

ಆ ಮೀಸೆಯ ತುಂಬ ಸಣ್ಣ ಕೂದಲು, ಕೂದಲಿಗೆ ತೂತು, ಒಳಗೆ ನೀರಿನಂಥ ದ್ರವ, ಅದರಲ್ಲಿ ನರದ ತುದಿ. ತೊಡಕು ಏನೆಂದರೆ, ವಾಸನೆಯ ಕಣ ಎಣ್ಣೆ ಜಾತಿಯದು, ನೀರಿಗೆ ಒಗ್ಗುವುದಿಲ್ಲ. ಅದನ್ನು ಹೊತ್ತು ದಾಟಿಸಲು ಬೇರೆಯೇ ಒಂದು ಪ್ರೋಟೀನ್ ಬೇಕು. ಇಂಥದ್ದು ಮೊದಲು ಸಿಕ್ಕಿದ್ದು 1981ರಲ್ಲಿ, ಅಮೆರಿಕದ ಒಂದು ಕಾಡು ರೇಷ್ಮೆ ಪತಂಗದಲ್ಲಿ. ನಮ್ಮ ರೇಷ್ಮೆ ಹುಳದ ಪತಂಗದಲ್ಲೂ ಇದೆ. ಸುರುಳಿ ಸುತ್ತಿದ ಒಂದು ಚೀಲ ಅನ್ನಿ, ಕಳಚದಂತೆ ಗಂಧಕದ ಮೂರು ಹೊಲಿಗೆ ಬೇರೆ. ನರದ ಹತ್ತಿರ ಹುಳಿ ಜಾಸ್ತಿ. ಹುಳಿ ತಾಗಿದಾಗ ಪ್ರೋಟೀನಿನ ಬಾಲ ಮಡಚಿ ತನ್ನದೇ ಚೀಲದೊಳಗೆ ಹೋಗಿ ಕೂರುತ್ತದೆ. ಕಣಕ್ಕೆ ಜಾಗವಿಲ್ಲ, ಹೊರಗೆ ಬೀಳುತ್ತದೆ. ಥೇಟ್ ಹುಬ್ಬಳ್ಳಿ ಬಸ್ಸು, ಸ್ಟಾಪ್ ಬಂತು ಅಂದರೆ ಹಿಂದಿನವರೇ ತಳ್ಳಿ ಇಳಿಸುತ್ತಾರೆ!

ಇಳಿದ ಕಣ ನರದ ಮೇಲಿನ ಗ್ರಾಹಕ, ಅಂದರೆ ವಾಸನೆ ಹಿಡಿಯುವ ಪ್ರೋಟೀನಿಗೆ ಅಂಟುತ್ತದೆ. ನಮ್ಮ ಮೂಗಿನ ಗ್ರಾಹಕ ಕರೆಗಂಟೆ ಇದ್ದ ಹಾಗೆ. ಒತ್ತಿದರೆ ಒಳಗಿನವರು ಒಬ್ಬರಿಗೊಬ್ಬರು ಹೇಳಿ ಆಮೇಲೆ ಯಾರೋ ಬಾಗಿಲು ತೆಗೆಯುತ್ತಾರೆ. ಕೀಟದ ಗ್ರಾಹಕವೇ ಬಾಗಿಲು. ಕಣ ಕೂತರೆ ತೆರೆಯುತ್ತದೆ, ಸೋಡಿಯಂ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತವೆ, ನರಕ್ಕೆ ಸುದ್ದಿ ಮುಟ್ಟುತ್ತದೆ. ಇದು ತಿಳಿದದ್ದು 2008ರಲ್ಲಿ.

ಈ ಬಾಗಿಲಿಗೆ ನಾಲ್ಕು ತುಂಡು. ಬಹುತೇಕ ಕೀಟಗಳಲ್ಲಿ ಒಂದೇ ಥರ ಇರುವ ತುಂಡಿನ ಹೆಸರು ಓರ್ಕೋ. ಯಾವ ವಾಸನೆಗೆ ತೆರೆಯಬೇಕು ಅನ್ನುವುದು ಅದರ ಜೊತೆಗಾರ ತುಂಡಿನ ಕೆಲಸ. ಓರ್ಕೋದ ರಚನೆ 2018ರಲ್ಲಿ ಕಂಡಿತು, ಅದೂ ಅತ್ತಿ ಹಣ್ಣಿನೊಳಗೆ ಬೆಳೆಯುವ ಒಂದು ಪುಟ್ಟ ಕಣಜದ್ದು. 2024ರಲ್ಲಿ ಸೊಳ್ಳೆಯ ಇಡೀ ಬಾಗಿಲೇ ಕಂಡಿತು: ಮೂರು ಓರ್ಕೋ, ಒಂದು ಜೊತೆಗಾರ.

ಇನ್ನು ನಿಮ್ಮ ಹೊಲದ ಮಾತು. ಒಂದು ಬಲೆಗೆ ರಾತ್ರಿಗೆ 8 ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಔಷಧಿಯ ಯೋಚನೆ ಮಾಡಿ. ಬೇರೆ ಹುಳದ ಲ್ಯೂರ್ ಮುಟ್ಟಿದ ಕೈಯಲ್ಲೇ ಇದನ್ನು ಮುಟ್ಟಬೇಡಿ. ನಮ್ಮಪ್ಪನ ಹಾಗೆ ಮೂಗಿಗೂ ಹಿಡಿಯಬೇಡಿ.