ಜ್ವರ ಬಿಟ್ಟಿತು, ಸುಸ್ತು ಬಿಡಲಿಲ್ಲ

ಪ್ರಶ್ನೆ: ನನಗೆ 46 ವರ್ಷ. ಫ್ಲೂ ಬಂದು ಮಲಗಿದ್ದೆ. ಜ್ವರ ಬಿಟ್ಟು ವಾರವಾಯಿತು, ಕೆಮ್ಮೂ ಇಲ್ಲ. ಆದರೂ ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತದೆ. ತೂಕ ಎರಡು ಕೆ.ಜಿ. ಇಳಿದಿದೆ. ಜ್ವರದಲ್ಲಿದ್ದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಿ.ಆರ್.ಪಿ., ಶುಗರ್ ಎರಡೂ ಜಾಸ್ತಿ ಇದ್ದವು. ಮೊದಲು ನನಗೆ ಶುಗರ್ ಇರಲಿಲ್ಲ. ವೈರಸ್ ಇನ್ನೂ ಒಳಗೇ ಇದೆಯಾ?

ಉತ್ತರ: ಇರುವ ಸಾಧ್ಯತೆ ತೀರಾ ಕಡಿಮೆ. ಆರೋಗ್ಯವಂತರ ಮೈಯಿಂದ ಫ್ಲೂ ವೈರಸ್ ಸಾಮಾನ್ಯವಾಗಿ ಒಂದು ವಾರದಲ್ಲಿ ಜಾಗ ಖಾಲಿ ಮಾಡುತ್ತದೆ. ನಿಮ್ಮನ್ನು ಈಗ ಕಾಡುತ್ತಿರುವುದು ಅದನ್ನು ಓಡಿಸಲು ದೇಹ ಮಾಡಿದ ಖರ್ಚು.

ಒಂದು ವಿಷಯ ಗಮನಿಸಿ. ಈ ವೈರಸ್ ಬೆಳೆಯುವುದು ಮೂಗು, ಗಂಟಲು, ಶ್ವಾಸನಾಳದ ಒಳಪದರದಲ್ಲಿ. ಜೋರಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ತೊಡೆಯವರೆಗೆ ಹೋಗುವುದು ಅಪರೂಪ. ಹಾಗಿದ್ದರೆ ತೊಡೆ ಯಾಕೆ ನಡುಗಬೇಕು?

ವೈರಸ್ ಹೊಕ್ಕ ಜೀವಕೋಶ ಸುಮ್ನೆ ಸಾಯುವುದಿಲ್ಲ. ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಗೆ ಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ವಿಜ್ಞಾನಿಗಳಾದ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕಂಡುಹಿಡಿದದ್ದು ಕೂಡ ಫ್ಲೂ ವೈರಸ್ ಇಟ್ಟುಕೊಂಡೇ, ಕೋಳಿಮೊಟ್ಟೆಯ ಒಳಪೊರೆಯ ಮೇಲೆ. ಇದರ ಜೊತೆಗೆ ಇಂಟರ್‌ಲ್ಯೂಕಿನ್-6ರಂತಹ ಸೈಟೊಕೈನ್‌ಗಳೂ, ಅಂದರೆ ಕೋಶಗಳು ಸುದ್ದಿ ಮುಟ್ಟಿಸಲು ಬಿಡುವ ಪ್ರೋಟೀನ್‌ಗಳೂ, ರಕ್ತಕ್ಕೆ ಸೇರುತ್ತವೆ. ಆ ಸುದ್ದಿ ತಲುಪಿದ ಮಿದುಳು ಮೈಬಿಸಿ ಏರಿಸುತ್ತದೆ, ಹಸಿವು ಅಡಗಿಸುತ್ತದೆ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ದೇಹ ಉರಿಸುವ ಶಕ್ತಿ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಖರ್ಚು ಏರಿದೆ, ಊಟ ನಿಂತಿದೆ. ಉಳಿತಾಯಕ್ಕೆ ಕೈ ಹಾಕಲೇಬೇಕಲ್ವಾ?

ಆ ಉಳಿತಾಯ ಇರುವುದು ಕೊಬ್ಬಿನಲ್ಲಿ ಮತ್ತು ಸ್ನಾಯುಗಳಲ್ಲಿ. ಸ್ನಾಯುವಿನ ಪ್ರೋಟೀನ್ ಒಡೆದು ಅಮೈನೊ ಆಮ್ಲಗಳಾಗಿ ರಕ್ತದಲ್ಲಿ ಯಕೃತ್ತಿಗೆ ಹೋಗುತ್ತದೆ. ಯಕೃತ್ತು ಅದರಲ್ಲಿ ಒಂದಿಷ್ಟನ್ನು ಗ್ಲೂಕೋಸ್ ಮಾಡುತ್ತದೆ, ಒಂದಿಷ್ಟರಿಂದ ಉರಿಯೂತದ ಪ್ರೋಟೀನ್‌ಗಳನ್ನು ಕಟ್ಟುತ್ತದೆ. ನಿಮ್ಮ ರಿಪೋರ್ಟಿನ ಸಿ.ಆರ್.ಪಿ. ಅಂಥದ್ದೇ ಒಂದು. ಅಂದರೆ ನಿಮ್ಮ ತೊಡೆಯ ಒಂದು ಪಾಲು ಆ ಹಾಳೆಯ ಮೇಲೆ ಅಂಕಿಯಾಗಿ ಕೂತಿರಬಹುದು! ಇಷ್ಟು ವರ್ಷ ಇಂಥ ರಿಪೋರ್ಟ್ ಓದಿದ ಮೇಲೂ ನನಗಿದು ಸೋಜಿಗವೇ. ಇದರ ಮೇಲೆ ಹಾಸಿಗೆಯಲ್ಲೇ ಮಲಗಿದ್ದರೆ ಸ್ನಾಯು ಇನ್ನಷ್ಟು ಕರಗುತ್ತದೆ.

ಶುಗರ್ ಏರಿದ್ದಕ್ಕೂ ಬೇರು ಇಲ್ಲೇ ಇದೆ. ಕಾಯಿಲೆಯಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಹೆಚ್ಚುತ್ತದೆ, ಸ್ನಾಯುಗಳು ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ. ಅವು ಬಿಟ್ಟ ಗ್ಲೂಕೋಸ್ ರೋಗನಿರೋಧಕ ಕೋಶಗಳಿಗೆ ಸಿಗುತ್ತದೆ. ಹೋರಾಟಕ್ಕೆ ಇಳಿದ ಆ ಕೋಶಗಳಿಗೆ ಗ್ಲೂಕೋಸ್ ಎಷ್ಟಿದ್ದರೂ ಬೇಕು. ಹಾಗಂತ ಆ ರಿಪೋರ್ಟನ್ನು ಎಸೆಯಬೇಡಿ. ಪೂರ್ತಿ ಚೇತರಿಸಿಕೊಂಡ ಮೇಲೆ ಖಾಲಿ ಹೊಟ್ಟೆಯ ಶುಗರ್ ಜೊತೆ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ. ಅದು ಹಿಂದಿನ ಎರಡು–ಮೂರು ತಿಂಗಳ ಸರಾಸರಿ ಹೇಳುತ್ತದೆ. ಎಷ್ಟೋ ಜನರಿಗೆ ಮೊದಲೇ ಇದ್ದ ಸಕ್ಕರೆ ಕಾಯಿಲೆ ಇಂಥ ಜ್ವರದಲ್ಲೇ ಮೊದಲ ಸಲ ಕಣ್ಣಿಗೆ ಬೀಳುತ್ತದೆ.

ಸದ್ಯಕ್ಕೆ ಪ್ರತಿ ಊಟದಲ್ಲೂ ಪ್ರೋಟೀನ್ ಇರಲಿ. ನಿಧಾನವಾಗಿ ನಡೆಯಿರಿ, ದಿನಕ್ಕಿಷ್ಟು ಹೆಚ್ಚಿಸಿ. ಜಿಮ್‌ಗೆ ಓಡಬೇಡಿ.

ಪ್ರಶ್ನೆ: ಜ್ವರ ಬಂದಾಗ ಲಂಘನ ಒಳ್ಳೆಯದೋ, ಬಲವಂತವಾಗಿ ತಿನ್ನಬೇಕೋ?

ಉತ್ತರ: ಎರಡೂ ಬೇಡ. 2016ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಇಲಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಲಿಸ್ಟೀರಿಯಾ ಬ್ಯಾಕ್ಟೀರಿಯಾ ಸೋಂಕಿದ್ದ ಇಲಿಗಳಿಗೆ ಗ್ಲೂಕೋಸ್ ಕೊಟ್ಟರೆ ಸತ್ತವು, ಫ್ಲೂ ಇದ್ದ ಇಲಿಗಳಿಗೆ ಆಹಾರ ಕೊಟ್ಟರೆ ಹೆಚ್ಚು ಉಳಿದವು. ಫ್ಲೂ ಇಲಿಗಳು ಗ್ಲೂಕೋಸ್ ಬಳಸದಂತೆ ತಡೆದಾಗ ಸಾವು ಹೆಚ್ಚಿತು. ಇಲಿಯ ಲೆಕ್ಕ ಮನುಷ್ಯರಿಗೆ ನೇರವಾಗಿ ಅನ್ವಯಿಸುವುದಿಲ್ಲ, ಆದರೆ ‘ಜ್ವರ ಅಂದರೆ ಉಪವಾಸ’ ಎಂಬ ಒಂದೇ ಮದ್ದು ಎಲ್ಲ ಜ್ವರಕ್ಕೂ ಆಗದು ಅನ್ನುವಷ್ಟು ಸಾಕು. ನೀರು, ದ್ರವಾಹಾರ ತಪ್ಪಿಸಬೇಡಿ. ಸೇರುವಷ್ಟು, ಆಗಾಗ, ಸ್ವಲ್ಪ ಸ್ವಲ್ಪ ತಿನ್ನಿ.

ಪ್ರಶ್ನೆ: ಫ್ಲೂ ವಾಸಿಯಾಯಿತು ಎನ್ನುವಾಗ ಅಪ್ಪನಿಗೆ ಮತ್ತೆ ಜ್ವರ, ಕಫ ಶುರುವಾಗಿದೆ. ಮಾಮೂಲಾ?

ಉತ್ತರ: ಅಲ್ಲ. ವೈರಸ್ ಜೊತೆ ಹೋರಾಡುವ ಭರದಲ್ಲಿ, ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ನುಂಗುವ ಕೋಶಗಳು ಕೆಲವು ದಿನ ಮಂಕಾಗುತ್ತವೆ. ಒಳಪದರವೂ ಸುಲಿದಿರುತ್ತದೆ. ಆಗ ನ್ಯುಮೋನಿಯಾ ಸುಲಭವಾಗಿ ನುಗ್ಗುತ್ತದೆ. 1918ರ ಮಹಾಮಾರಿಯಲ್ಲೂ ಬಹುಪಾಲು ಸಾವುಗಳಿಗೆ ಇಂಥ ಬ್ಯಾಕ್ಟೀರಿಯಾ ನ್ಯುಮೋನಿಯಾವೇ ಕಾರಣವಾಗಿತ್ತು. ಇವತ್ತೇ ವೈದ್ಯರಿಗೆ ತೋರಿಸಿ. ಉಸಿರು ಕಟ್ಟಿದರೆ ಅಥವಾ ಮಾತು ತಡಬಡಾಯಿಸಿದರೆ ನೇರ ಆಸ್ಪತ್ರೆಗೇ ಹೋಗಿ.