ನಿಮ್ಮ ಪ್ರಶ್ನೆಗೆ ಉತ್ತರ: ಹೆಸರು ನಮ್ಮದು, ಡಾಟ್ ಕಾಮ್ ಇನ್ಯಾರದೋ

ಪ್ರಶ್ನೆ: ಶರಾವತಿ ದಂಡೆಯಲ್ಲಿ ನಮ್ಮದೊಂದು ಹೋಮ್‌ಸ್ಟೇ ಇದೆ. 11 ವರ್ಷದಿಂದ ಅದೇ ಹೆಸರು. ಈಗ ವೆಬ್‌ಸೈಟ್ ಮಾಡಿಸೋಣವೆಂದರೆ ನಮ್ಮ ಹೆಸರಿನ ಡಾಟ್ ಕಾಮ್ ಇನ್ಯಾರದೋ ಕೈಯಲ್ಲಿದೆ. ತೆರೆದರೆ ‘ಈ ಹೆಸರು ಮಾರಾಟಕ್ಕಿದೆ’ ಎಂದು ಬರುತ್ತದೆ. ವಿಚಾರಿಸಿದ್ದಕ್ಕೆ 85,000 ರೂಪಾಯಿ ಕೇಳಿ ಮೇಲ್ ಬರೆದಿದ್ದಾರೆ. ಕೊಟ್ಟು ಮುಗಿಸಲೇ?
– ಓದುಗರು, ಹೊನ್ನಾವರ

ಉತ್ತರ: ಸದ್ಯಕ್ಕೆ ಒಂದು ಪೈಸೆಯನ್ನೂ ಕೊಡಬೇಡಿ, ಫೋನಿನಲ್ಲಿ ಚೌಕಾಸಿಗೂ ಇಳಿಯಬೇಡಿ. ಆ ಮೇಲ್ ಮಾತ್ರ ಅಳಿಸದೆ ಜೋಪಾನವಾಗಿಡಿ. ಹೆಸರಿನ ನಿಜವಾದ ಒಡೆಯನಿಗೇ ಖರ್ಚಿಗಿಂತ ಎಷ್ಟೋ ಪಟ್ಟು ಬೆಲೆಗೆ ಮಾರಲೆಂದೇ ಅದನ್ನು ನೋಂದಾಯಿಸಿದ್ದರೆ, ಅದು ದುರುದ್ದೇಶಕ್ಕೆ ಸಾಕ್ಷಿಯಾಗುತ್ತದೆ.

ಮೊದಲು ಆ ಹೆಸರು ನೋಂದಣಿಯಾದ ತಾರೀಕು ನೋಡಿ. ಇಂಟರ್ನೆಟ್ಟಿನಲ್ಲಿ ‘ಹೂ ಈಸ್’ ಹುಡುಕಾಟ ಮಾಡಿದರೆ ಸಿಗುತ್ತದೆ. ನೀವು ಹೋಮ್‌ಸ್ಟೇ ಶುರುಮಾಡುವ ಮುಂಚಿನದಾದರೆ ಅವರು ನಿಮ್ಮ ಹೆಸರು ಕದ್ದಿಲ್ಲ, ಆಸೆ ಬಿಡಿ. ‘ನದಿತೀರ’ದಂಥ ಯಾರೂ ಇಟ್ಟುಕೊಳ್ಳಬಹುದಾದ ಹೆಸರಾದರೂ ನಿಮ್ಮ ವಾದ ಸಪ್ಪೆಯೇ. ನಿಮ್ಮ ಮನೆತನದ ಹೆಸರೋ ಕೇರಿಯ ಹೆಸರೋ ಸೇರಿದ್ದು, ನೋಂದಣಿಯೂ ಇತ್ತೀಚಿನದಾದರೆ ಮಾತು ಬೇರೆ.

ಡಾಟ್ ಕಾಮ್ ತಕರಾರುಗಳಿಗೆಂದೇ, ಇಂಟರ್ನೆಟ್ಟಿನ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ 1999ರಲ್ಲಿ ಒಂದು ನಿಯಮ ಮಾಡಿದೆ. ಆ ಹೆಸರು ನಿಮ್ಮ ಟ್ರೇಡ್‌ಮಾರ್ಕನ್ನು ಹೋಲುತ್ತದೆ, ಹಿಡಿದುಕೊಂಡವರಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ದುರುದ್ದೇಶದಿಂದಲೇ ನೋಂದಾಯಿಸಿ ಬಳಸುತ್ತಿದ್ದಾರೆ – ಮೂರನ್ನೂ ನೀವೇ ತೋರಿಸಬೇಕು. ಟ್ರೇಡ್‌ಮಾರ್ಕ್ ನೋಂದಾಯಿಸದಿದ್ದರೆ ಅಷ್ಟು ವರ್ಷದ ಬಳಕೆಗೆ ಗಟ್ಟಿ ದಾಖಲೆ ಬೇಕು. ಜಿನೀವಾದ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯಲ್ಲಿ ಒಬ್ಬರೇ ತೀರ್ಪುಗಾರರ ಮುಂದೆ ದೂರು ಕೊಡಲು ಶುಲ್ಕ 1,500 ಡಾಲರ್. ಅಂದರೆ ಲಕ್ಷ ದಾಟಿತು. ಗೆದ್ದರೂ ಹೆಸರು ಸಿಗುತ್ತದೆ ಅಷ್ಟೆ. ಪರಿಹಾರ ಇಲ್ಲ, ಕಟ್ಟಿದ ಶುಲ್ಕವೂ ವಾಪಸಿಲ್ಲ. ಈಗ ಆ 85,000 ನೋಡಿ. ದೂರಿನ ಖರ್ಚಿಗಿಂತ ಕಡಿಮೆ. ನೀವು ಸುಸ್ತಾಗಿ ‘ಹೋಗಲಿ, ಕೊಟ್ಟುಬಿಡೋಣ’ ಎನ್ನಲಿ ಎಂದೇ ಕಟ್ಟಿದ ಬೆಲೆ ಅದು. ಇದನ್ನು ವ್ಯಾಪಾರ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಇದಕ್ಕೆಂದೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಆದರೆ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2004ರಲ್ಲೇ ಡೊಮೇನ್ ಹೆಸರಿಗೂ, ಅಂದರೆ ವೆಬ್‌ಸೈಟಿನ ವಿಳಾಸಕ್ಕೂ, ಟ್ರೇಡ್‌ಮಾರ್ಕಿನ ಗುಣವಿದೆ, ಇನ್ನೊಬ್ಬರ ಹೆಸರಿನಲ್ಲಿ ತನ್ನದನ್ನು ಸಾಗಹಾಕುವುದನ್ನು ತಡೆಯಬಹುದು ಎಂದಿದೆ. ಅದನ್ನು ಆಧರಿಸಿ ವಕೀಲರಿಂದ ಒಂದು ನೋಟಿಸ್ ಕೊಡಿಸಿ. ಹಳೆಯ ಬುಕಿಂಗ್ ರಸೀದಿ, ಅತಿಥಿಗಳು ಸಹಿ ಮಾಡಿದ ಪುಸ್ತಕ, ತಾರೀಕಿರುವ ಬೋರ್ಡಿನ ಫೋಟೊ ಎಲ್ಲ ಒಟ್ಟುಮಾಡಿ. ನಾನು ಕಂಡ ಎರಡು ತಕರಾರು ನೋಟಿಸಿಗೇ ಮುಗಿದವು. ಅಷ್ಟರೊಳಗೆ ಇವತ್ತೇ ನಿಮ್ಮ ಹೆಸರಿನ ಡಾಟ್ ಇನ್ ಖಾಲಿಯಿದ್ದರೆ ತೆಗೆದುಕೊಳ್ಳಿ, ಟ್ರೇಡ್‌ಮಾರ್ಕಿಗೂ ಅರ್ಜಿ ಹಾಕಿ.

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿ. ಗೋಕರ್ಣ, ಯಾಣ, ಮುರ್ಡೇಶ್ವರದ ಹೆಸರು ಸೇರಿಸಿ 14 ಡೊಮೇನ್ ಕೊಂಡಿದ್ದೇನೆ. ಒಂದರಲ್ಲಿ ‘ಶಿರಸಿ ಸುಪಾರಿ’ ಇದೆ, ಇನ್ನೊಂದು ಇಲ್ಲಿನ ಹೆಸರಾಂತ ಹೋಟೆಲಿನದು. ಮಾರಿದರೆ ಅಪರಾಧವೇ?
– ಓದುಗ, ಕುಮಟಾ

ಉತ್ತರ: ಊರಿನ ಹೆಸರು ಯಾರೊಬ್ಬರ ಆಸ್ತಿಯೂ ಅಲ್ಲ. ಬಾರ್ಸಿಲೋನಾ ಡಾಟ್ ಕಾಮ್ ಆ ನಗರಾಡಳಿತಕ್ಕೇ ಸೇರಬೇಕೆಂದು 2000ದಲ್ಲಿ ತೀರ್ಪಾಗಿತ್ತು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪದೆ ನೋಂದಾಯಿಸಿದವರ ಪರ ನಿಂತಿತು. ಸಾಮಾನ್ಯ ಪದಗಳ ವ್ಯಾಪಾರವೂ ತಪ್ಪಲ್ಲ. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರಿಗೆ ಹೋಯಿತು. ಆ ಸುದ್ದಿ ಓದಿ ಸಾಲ ಮಾತ್ರ ಮಾಡಬೇಡ ತಮ್ಮಾ, ಕೊಳ್ಳುವವರು ಬರಲಿ ಬಿಡಲಿ, 14 ಹೆಸರಿಗೂ ವರ್ಷ ವರ್ಷ ದುಡ್ಡು ಕಟ್ಟಬೇಕು.

ಶಿರಸಿ ಸುಪಾರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆ ಸೀಮೆಯ ಬೆಳೆಗಷ್ಟೇ ಆ ಹೆಸರು ಎನ್ನುವ ಭೌಗೋಳಿಕ ಗುರುತು, ಸಿಕ್ಕಿದೆ. ಆ ವಿಳಾಸದಲ್ಲಿ ಬೇರೆ ಕಡೆಯ ಅಡಿಕೆ ಮಾರಿದರೆ ಕಾನೂನು ಬಿಡದು. ಹೋಟೆಲಿನ ಹೆಸರಂತೂ ನೀನು ದುಡಿದು ತಂದದ್ದಲ್ಲ. ಅವರಿಗೆ ನೀನೇ ಹೇಳಿ, ಕೊಂಡ ಖರ್ಚಷ್ಟೇ ತೆಗೆದುಕೊಂಡು ಬಿಟ್ಟುಕೊಡು.

ಪ್ರಶ್ನೆ: ನಮ್ಮ ವೆಬ್‌ಸೈಟ್ ಮಾಡಿದ ಹುಡುಗ ಬೆಂಗಳೂರಿಗೆ ಹೋದ. ಡೊಮೇನ್ ಅವನ ಖಾತೆಯಲ್ಲೇ ಇದೆ. ತೊಂದರೆಯುಂಟೇ?
– ಓದುಗರು, ಅಂಕೋಲಾ

ಉತ್ತರ: ಉಂಟು. ನನ್ನ ತಂಗಿಯ ಅಪ್ಪೆಮಿಡಿ ಉಪ್ಪಿನಕಾಯಿಯ ಹೆಸರು ಹೀಗೇ ಹೋಯಿತು. ನವೀಕರಣದ ಮೇಲ್‌ಗಳೆಲ್ಲ ಕೆಲಸ ಬಿಟ್ಟುಹೋದವನ ವಿಳಾಸಕ್ಕೆ ಹೋಗುತ್ತಿದ್ದವು. ಅವಧಿ ಮುಗಿದು ಹೆಸರು ಅಳಿಸಿದ ಮೇಲೂ ಹೆಚ್ಚಿನ ದಂಡ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ. ನಮಗೆ ಅದೂ ತಿಳಿಯಲಿಲ್ಲ. ಮತ್ತೆ ಐದು ದಿನಕ್ಕೆ ಹೆಸರು ಬಯಲಿಗೆ ಬಿತ್ತು, ಯಾರೋ ಎತ್ತಿಕೊಂಡರು. ಮಿಡಿ ಬರುವ ಕಾಲ ಬೇರೆ. ಮನೆಯ ಜಗಲಿಯಲ್ಲಿ ಕೂತು ಅವಳೂ ನಾನೂ 600 ಬಾಟಲಿಗೆ, ಹಳೆಯ ವೆಬ್ ವಿಳಾಸ ಮುಚ್ಚುವಂತೆ ಒಂದೊಂದೇ ಚೀಟಿ ಅಂಟಿಸಿದೆವು. ಎಣ್ಣೆ ಕೈಗೆ ಚೀಟಿ ಜಾರುತ್ತಿತ್ತು, ಅವಳು ಮಾತೇ ಆಡಲಿಲ್ಲ.

ಇವತ್ತೇ ಆ ಹುಡುಗನಿಗೆ ಫೋನ್ ಮಾಡಿ. ನಿಮ್ಮ ಹೆಸರಿನಲ್ಲಿ, ನಿಮ್ಮದೇ ಮೇಲ್ ಮತ್ತು ಮೊಬೈಲ್ ಕೊಟ್ಟು ಖಾತೆ ತೆರೆದು ಅದಕ್ಕೆ ಡೊಮೇನ್ ವರ್ಗಾಯಿಸಿಕೊಳ್ಳಿ. ಕೈಯಲ್ಲಿ ದುಡ್ಡಿದ್ದರೆ ಒಂದೇ ಸಲಕ್ಕೆ 10 ವರ್ಷದವರೆಗೂ ಕಟ್ಟಲು ಬರುತ್ತದೆ.